ಏಜೆಂಟ್ ಆರೆಂಜ್ ಮತ್ತು ವಿಯೆಟ್ನಾಂ ಯೋಧರ ಅಂಗವೈಕಲ್ಯ ಪರಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಸೊಸೆಯೋ ಅಳಿಯನೋ ಅಲ್ಲಿಯವರೇ ಆಗಿರುವುದು ಈಗ ಅಪರೂಪವೇನಲ್ಲ. ಆ ಕಡೆಯ ಬೀಗರಲ್ಲಿ ಒಬ್ಬರಾದರೂ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು ಸಿಗುತ್ತಾರೆ. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ಪ್ರೋಸ್ಟೇಟ್ ಕ್ಯಾನ್ಸರ್, ನಡುಗುವ ಕೈ ಎಂದು ಆಸ್ಪತ್ರೆಗೆ ಅಲೆಯುತ್ತಿರುತ್ತಾರೆ. ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಎಂದು ಕೇಳಿದರೆ 'ನನಗಿಂತ ಕಷ್ಟದಲ್ಲಿರುವವರಿಗೆ ಸಿಗಲಿ ಬಿಡಿ' ಎನ್ನುತ್ತಾರೆ. ಆ ಮನೆಗಳಲ್ಲಿ ಕಾಗದಪತ್ರದ ಕೆಲಸ ಕಂಪ್ಯೂಟರ್ ಬಲ್ಲ ಅಳಿಯನ ಅಥವಾ ಸೊಸೆಯ ಪಾಲಿಗೆ ಬರುತ್ತದೆ. ಮುಖ್ಯವಾಗಿ ಅವರಿಗಾಗಿ ಈ ಪ್ರಶ್ನೋತ್ತರ. ಯುದ್ಧದಲ್ಲಿ ವಿಷ ಸುರಿದ ಸರ್ಕಾರ ತನ್ನ ಸೈನಿಕರಿಗೆ ಲೆಕ್ಕ ಒಪ್ಪಿಸಲು ಎಷ್ಟು ಕಾಲ ತೆಗೆದುಕೊಂಡಿತು ಎಂದು ತಿಳಿಯಬೇಕೆನ್ನುವವರೂ ಓದಬಹುದು.

ಏಜೆಂಟ್ ಆರೆಂಜ್ ಅಂದರೆ ಏನು?

ಅದು ಒಂದು ಕಳೆನಾಶಕ. 2,4-ಡಿ ಮತ್ತು 2,4,5-ಟಿ ಎಂಬ ಎರಡು ರಾಸಾಯನಿಕಗಳನ್ನು ಸಮಸಮ ಬೆರೆಸಿ ಮಾಡಿದ್ದು. ಡ್ರಮ್ಮಿನ ಸುತ್ತ ಕಿತ್ತಳೆ ಬಣ್ಣದ ಪಟ್ಟಿ ಇರುತ್ತಿದ್ದುದರಿಂದ ಆ ಹೆಸರು ಬಂತು. ಬಿಳಿ, ನೀಲಿ, ನೇರಳೆ, ಗುಲಾಬಿ, ಹಸಿರು ಪಟ್ಟಿಯ ಬೇರೆ ಬೇರೆ ಮಿಶ್ರಣಗಳೂ ಇದ್ದವು. 1962ರಿಂದ 1971ರವರೆಗೆ 'ಆಪರೇಷನ್ ರ‍್ಯಾಂಚ್ ಹ್ಯಾಂಡ್' ಎಂಬ ಹೆಸರಿನಲ್ಲಿ ಅಮೆರಿಕದ ವಾಯುಪಡೆ ಸಿ-123 ವಿಮಾನಗಳಿಂದ ದಕ್ಷಿಣ ವಿಯೆಟ್ನಾಮಿನ ಕಾಡು, ಮ್ಯಾಂಗ್ರೋವ್ ಮತ್ತು ಬೆಳೆಗಳ ಮೇಲೆ ಇವನ್ನು ಸುರಿಸಿತು. ಎಲ್ಲ ಸೇರಿ 7 ಕೋಟಿ ಲೀಟರಿಗೂ ಹೆಚ್ಚು. ಎಲೆ ಉದುರಿದರೆ ಶತ್ರುವಿಗೆ ಮರೆ ಇರುವುದಿಲ್ಲ, ಬೆಳೆ ಒಣಗಿದರೆ ಅನ್ನ ಇರುವುದಿಲ್ಲ ಎಂಬುದು ಲೆಕ್ಕಾಚಾರ. ಸೇನಾ ನೆಲೆಗಳ ಬೇಲಿಯ ಸುತ್ತ ಹುಲ್ಲು ಬೆಳೆಯದಿರಲಿ ಎಂದು ಬೆನ್ನಿಗೆ ಪಂಪು ಹಾಕಿಕೊಂಡು, ಟ್ರಕ್ಕುಗಳಿಂದ, ಹೆಲಿಕಾಪ್ಟರಿನಿಂದಲೂ ಹೊಡೆದರು.

ಹೆಚ್ಚಿನ ಅಪಾಯ ಇದ್ದದ್ದು ಕಳೆನಾಶಕದ ಜೊತೆ ಬಂದ ಕಲ್ಮಷದಲ್ಲಿ. 2,4,5-ಟಿ ತಯಾರಿಸುವಾಗ ಟಿಸಿಡಿಡಿ ಎಂಬ ಡಯಾಕ್ಸಿನ್ ಜಾತಿಯ ವಿಷ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದು ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತದೆ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ನಮ್ಮೂರಲ್ಲಿ ಗದ್ದೆಗೆ, ಕಬ್ಬಿಗೆ ಹೊಡೆಯುವ 2,4-ಡಿ ಇದೇನಾ?

ಅರ್ಧ ಅದೇ. 2,4-ಡಿ ಇವತ್ತಿಗೂ ಕರ್ನಾಟಕದ ಯಾವುದೇ ಗೊಬ್ಬರ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಏಜೆಂಟ್ ಆರೆಂಜಿನ ಟಿಸಿಡಿಡಿ ಬಂದದ್ದು ಇನ್ನರ್ಧದಿಂದ, ಅಂದರೆ 2,4,5-ಟಿಯಿಂದ. ಅದರ ಬಳಕೆಯನ್ನು ಅಮೆರಿಕ 1985ರ ಹೊತ್ತಿಗೆ ಪೂರ್ತಿ ನಿಲ್ಲಿಸಿತು. ಹಾಗೆಂದು 2,4-ಡಿಯನ್ನು ಬರಿಗೈಯಲ್ಲಿ ಕಲಸಬಹುದು ಎಂದಲ್ಲ. 2015ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ' ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಕೈಗವಸು ಹಾಕಿಕೊಳ್ಳಿ, ಗಾಳಿ ಬೀಸುವ ಹೊತ್ತಿನಲ್ಲಿ ಹೊಡೆಯಬೇಡಿ.

ಐವತ್ತು ವರ್ಷದ ಹಿಂದೆ ಮೈಮೇಲೆ ಬಿದ್ದ ಔಷಧಿಯಿಂದಲೇ ಈ ಕಾಯಿಲೆ ಬಂತು ಎಂದು ಸಾಬೀತು ಮಾಡುವುದು ಹೇಗೆ?

ಮಾಡಬೇಕಾಗಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಸಾಮಾನ್ಯವಾಗಿ ಅಮೆರಿಕದ ಮಾಜಿ ಸೈನಿಕ ವ್ಯವಹಾರಗಳ ಇಲಾಖೆ, ಎಲ್ಲರ ಬಾಯಲ್ಲಿ 'ವಿಎ', ಅಂಗವೈಕಲ್ಯ ಪರಿಹಾರ ಕೊಡಬೇಕಾದರೆ ಮೂರು ವಿಷಯ ಕೇಳುತ್ತದೆ: ಈಗ ಕಾಯಿಲೆ ಇದೆಯೇ, ಸೇವೆಯಲ್ಲಿದ್ದಾಗ ಏನಾದರೂ ಆಗಿತ್ತೇ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ. ಮೂರನೆಯದರಲ್ಲೇ ಎಲ್ಲರೂ ಸೋಲುತ್ತಿದ್ದರು. ಯಾವ ದಿನ ಯಾವ ಗುಡ್ಡದ ಮೇಲೆ ವಿಮಾನ ಹಾದುಹೋಯಿತು, ಅವತ್ತು ನೀವು ಕೆಳಗಿದ್ದಿರಾ, ಎಷ್ಟು ಹನಿ ಬಿತ್ತು ಎಂಬುದಕ್ಕೆ ಸೈನಿಕ ಎಲ್ಲಿಂದ ಸಾಕ್ಷಿ ತರಬೇಕು? ಬರೆದಿಡಬೇಕಾದವರು ಬರೆದಿಡಲಿಲ್ಲ.

ಅದಕ್ಕಾಗಿ 1991ರ ಫೆಬ್ರವರಿ 6ರಂದು ಜಾರಿಗೆ ಬಂದ ಏಜೆಂಟ್ ಆರೆಂಜ್ ಕಾಯಿದೆ ಮೂರನೆಯ ಪ್ರಶ್ನೆಯನ್ನೇ ತೆಗೆದುಹಾಕಿತು. 1962ರ ಜನವರಿ 9ರಿಂದ 1975ರ ಮೇ 7ರೊಳಗೆ ವಿಯೆಟ್ನಾಮಿನ ನೆಲದ ಮೇಲೆ ಕಾಲಿಟ್ಟಿದ್ದರೆ, ಒಂದೇ ದಿನ ಆಗಿದ್ದರೂ, ಆ ಸೈನಿಕನ ಮೈಗೆ ರಾಸಾಯನಿಕ ತಗುಲಿದೆ ಎಂದೇ ಕಾನೂನು ಭಾವಿಸುತ್ತದೆ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸುತ್ತದೆ. ನೀವು ತೋರಿಸಬೇಕಾದ್ದು ಅಲ್ಲಿದ್ದಿರಿ ಎಂಬುದನ್ನು ಮತ್ತು ವೈದ್ಯರು ಈ ಕಾಯಿಲೆ ಇದೆ ಎಂದಿರುವುದನ್ನು, ಅಷ್ಟೇ. ಆದರೂ ಡಯಾಕ್ಸಿನ್ ಬಗ್ಗೆ ಪುಟಗಟ್ಟಲೆ ಬರೆದು, ತನಗೆ ಹನಿ ತಗುಲಿದ ನೆನಪನ್ನೆಲ್ಲ ವಿವರಿಸಿ, ಸೇವಾ ದಾಖಲೆಯ ಒಂದು ಹಾಳೆ ಲಗತ್ತಿಸುವುದನ್ನು ಮರೆತು ಅರ್ಜಿ ಕಳಿಸುವವರು ಬೇಕಾದಷ್ಟು ಜನ.

ಇದು ವಿಜ್ಞಾನದ ತೀರ್ಪಲ್ಲ, ದಾಖಲೆ ಇಡದೆ ಹೋದ ಸರ್ಕಾರ ಅದರ ಲಾಭವನ್ನು ತಾನೇ ಪಡೆಯಬಾರದೆಂಬ ನ್ಯಾಯ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಮೇಲೆ ಅಲ್ಲಿನ ತಾಯಂದಿರು ಇದೇ ಪ್ರಶ್ನೆ ಎದುರಿಸಿದ್ದನ್ನು ಬಲ್ಲವರಿಗೆ ಈ ನ್ಯಾಯದ ಬೆಲೆ ಗೊತ್ತು.

ಇಷ್ಟು ಒಳ್ಳೆಯ ಕಾನೂನು ಬರಲು ಅಷ್ಟು ವರ್ಷ ಯಾಕೆ ಬೇಕಾಯಿತು?

ಒಪ್ಪಿಕೊಂಡರೆ ಲಕ್ಷಾಂತರ ಜನರಿಗೆ ಹಣ ಕೊಡಬೇಕಾಗುತ್ತಿತ್ತು, ಅದಕ್ಕೆ. 1977ರಲ್ಲಿ ಶಿಕಾಗೋದ ವಿಎ ಕಚೇರಿಯಲ್ಲಿ ಮಾಡ್ ಡಿವಿಕ್ಟರ್ ಎಂಬ ಸಲಹೆಗಾರ್ತಿ, ಒಬ್ಬ ಸೈನಿಕನ ಹೆಂಡತಿ ಹೇಳಿದ ಮಾತನ್ನು ಬೆನ್ನುಹತ್ತಿ ಒಂದೇ ಬಗೆಯ ಪ್ರಕರಣಗಳನ್ನು ಕಲೆಹಾಕಲು ಶುರುಮಾಡಿದರು. ಮರುವರ್ಷ ಅದು ಟಿವಿಯಲ್ಲಿ ಬಂತು. ಅದೇ 1978ರಲ್ಲಿ, ಕ್ಯಾನ್ಸರಿನಿಂದ ನರಳುತ್ತಿದ್ದ ಪಾಲ್ ರಾಯ್ಟರ್‌ಶಾನ್ ಎಂಬ ಮಾಜಿ ಹೆಲಿಕಾಪ್ಟರ್ ಸಿಬ್ಬಂದಿ ತಯಾರಕ ಕಂಪನಿಗಳ ಮೇಲೆ ದಾವೆ ಹೂಡಿದರು, ಆ ವರ್ಷ ಮುಗಿಯುವ ಮೊದಲೇ ತೀರಿಕೊಂಡರು. ದಾವೆ ಬೆಳೆದು 1984ರಲ್ಲಿ ಡೌ, ಮೊನ್ಸಾಂಟೋ ಮೊದಲಾದ ಕಂಪನಿಗಳು 18 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡವು, ತಪ್ಪು ಒಪ್ಪಿಕೊಳ್ಳದೆ. ಹಂಚಿದಾಗ ತಲೆಗೆ ಸರಾಸರಿ ನಾಲ್ಕು ಸಾವಿರ ಡಾಲರೂ ಬರಲಿಲ್ಲ. ಆ ನಿಧಿ 1997ರಲ್ಲಿ ಮುಗಿದುಹೋಯಿತು. ಈಗಲೂ 'ಆ ಸೆಟಲ್‌ಮೆಂಟ್ ಹಣ ಬರುತ್ತದಾ' ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಈ ಪುಟದಲ್ಲಿ ಹೇಳುತ್ತಿರುವುದು ಸರ್ಕಾರ ಕೊಡುವ ಪರಿಹಾರ, ಅದೇ ಬೇರೆ.

ವಿಎ ಮಾತ್ರ 1985ರಲ್ಲೂ ಕ್ಲೋರಾಕ್ನೆ ಎಂಬ ಚರ್ಮದ ಕಾಯಿಲೆ ಬಿಟ್ಟು ಬೇರೆ ಯಾವುದಕ್ಕೂ ಸಂಬಂಧವಿಲ್ಲ ಎನ್ನುತ್ತಿತ್ತು. ಅದರ ವಿರುದ್ಧ ನೇಮರ್ ಪ್ರಕರಣ ನಡೆಯಿತು. 1989ರಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ಪಟ್ಟಿಗೆ ಹೊಸ ಕಾಯಿಲೆ ಸೇರಿದಾಗ, ಹಿಂದೆ ಅದೇ ಕಾಯಿಲೆಗೆ ಅರ್ಜಿ ಹಾಕಿ ಸೋತವರಿಗೆ ಆ ಹಳೆಯ ತಾರೀಖಿನಿಂದಲೇ ಬಾಕಿ ಕೊಡಬೇಕಾದ ಕಟ್ಟುಪಾಡು ಬಂದದ್ದು ಈ ಪ್ರಕರಣದಿಂದ.

ಇನ್ನೊಂದು ಹೆಸರು ಹೇಳಲೇಬೇಕು. ವಿಯೆಟ್ನಾಮಿನಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೋ ಝುಮ್‌ವಾಲ್ಟ್, ನದಿ ದಂಡೆಯ ಪೊದೆಗಳಿಂದ ತನ್ನ ನಾವಿಕರ ಮೇಲೆ ಗುಂಡು ಹಾರದಿರಲಿ ಎಂದು ಅಲ್ಲಿ ಸಿಂಪಡಿಸಲು ಆದೇಶ ಕೊಟ್ಟವರು. ಆ ನದಿಗಳಲ್ಲಿ ದೋಣಿ ನಡೆಸುತ್ತಿದ್ದವರಲ್ಲಿ ಅವರ ಮಗನೂ ಒಬ್ಬ. ಮಗ 1988ರಲ್ಲಿ, 42ನೇ ವಯಸ್ಸಿಗೆ ಕ್ಯಾನ್ಸರಿನಿಂದ ಸತ್ತ. ಆದೇಶ ಕೊಟ್ಟದ್ದು ಅಂದಿನ ಮಟ್ಟಿಗೆ ಸರಿ ಎಂಬ ಮಾತನ್ನು ತಂದೆ ಬಿಡಲಿಲ್ಲ. ಆದರೆ 1990ರಲ್ಲಿ ವಿಎಗೆ ಕೊಟ್ಟ ವರದಿಯಲ್ಲಿ, ಸರ್ಕಾರದ ಅಧ್ಯಯನಗಳು ಸತ್ಯವನ್ನು ಮುಚ್ಚಿಟ್ಟಿವೆ ಎಂದು ಕಟುವಾಗಿ ಬರೆದರು. ಮರುವರ್ಷ ಕಾಯಿದೆ ಬಂತು.

ವಿಯೆಟ್ನಾಂ ನೆಲದ ಮೇಲೆ ಇದ್ದವರಿಗೆ ಮಾತ್ರವೇ?

ಬಹಳ ಕಾಲ ಹಾಗೇ ಇತ್ತು. ದಡದಿಂದ ದೂರ ಹಡಗಿನಲ್ಲಿದ್ದವರನ್ನು 'ಬ್ಲೂ ವಾಟರ್' ನಾವಿಕರೆಂದು ಕರೆದು ಹೊರಗಿಟ್ಟಿದ್ದರು. 2019ರ ಜನವರಿಯಲ್ಲಿ ಪ್ರೊಕೋಪಿಯೋ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ವಿಯೆಟ್ನಾಂ ಗಣರಾಜ್ಯ ಎಂದರೆ ಅದರ 12 ನಾಟಿಕಲ್ ಮೈಲಿಯ ಕಡಲೂ ಸೇರಿತು ಎಂದು ತೀರ್ಪಿತ್ತಿತು. ಅದೇ ವರ್ಷ ಕಾನೂನೂ ಆಯಿತು, 2020ರ ಜನವರಿ 1ರಿಂದ ಜಾರಿ. ಹಡಗು ಆ ಗಡಿಯೊಳಗೆ ಬಂದಿತ್ತೇ ಎಂಬುದು ಹಡಗಿನ ದಿನಚರಿ ಪುಸ್ತಕದಲ್ಲಿ, ಅಂದರೆ ಡೆಕ್ ಲಾಗಿನಲ್ಲಿ ಇರುತ್ತದೆ. ಆಯಾ ಗಂಟೆಯ ಅಕ್ಷಾಂಶ, ರೇಖಾಂಶ ಕೈಬರಹದಲ್ಲೋ ಟೈಪಿನಲ್ಲೋ ಸಿಗುತ್ತದೆ. ವಿಎಯೇ ಅವನ್ನು ಸ್ಕ್ಯಾನ್ ಮಾಡಿಸಿಕೊಂಡಿದೆ. ಹಡಗಿನ ಹೆಸರು ಮತ್ತು ತಿಂಗಳು ಹೇಳಿದರೆ ಹುಡುಕುವ ಕೆಲಸ ಅವರದು.

2022ರ ಆಗಸ್ಟ್ 10ರಂದು ಬಂದ ಪ್ಯಾಕ್ಟ್ ಕಾಯಿದೆ ಇನ್ನಷ್ಟು ಜಾಗಗಳನ್ನು ಸೇರಿಸಿತು. 1962ರ ಜನವರಿ 9ರಿಂದ 1976ರ ಜೂನ್ 30ರವರೆಗೆ ಥಾಯ್ಲೆಂಡಿನ ಯಾವುದೇ ಅಮೆರಿಕನ್ ಅಥವಾ ಥಾಯ್ ಸೇನಾ ನೆಲೆ, 1965ರ ಡಿಸೆಂಬರಿನಿಂದ 1969ರ ಸೆಪ್ಟೆಂಬರಿನವರೆಗೆ ಲಾವೋಸ್, 1969ರ ಏಪ್ರಿಲಿನ ಎರಡನೆಯ ಅರ್ಧದಲ್ಲಿ ಕಾಂಬೋಡಿಯಾದ ಕೆಲವು ಜಾಗಗಳು, 1980ರ ಜುಲೈವರೆಗೆ ಗುವಾಮ್ ಮತ್ತು ಅಮೆರಿಕನ್ ಸಮೋವಾ, 1972ರಿಂದ 1977ರ ಸೆಪ್ಟೆಂಬರಿನವರೆಗೆ ಉಳಿದ ಡ್ರಮ್ಮುಗಳನ್ನು ಇಟ್ಟಿದ್ದ ಜಾನ್ಸ್ಟನ್ ಹವಳದ್ವೀಪ. ಕೊರಿಯಾದ ಸೇನಾರಹಿತ ವಲಯದ ಬಳಿ 1967ರ ಸೆಪ್ಟೆಂಬರಿನಿಂದ 1971ರ ಆಗಸ್ಟ್‌ವರೆಗೆ ಇದ್ದವರು ಈ ಕಾಯಿದೆಗೆ ಮೊದಲೇ ಪಟ್ಟಿಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಅವೇ ಸಿ-123 ವಿಮಾನಗಳನ್ನು ಹಾರಿಸಿದ, ತೊಳೆದ ಮೀಸಲು ಪಡೆಯವರನ್ನು 2015ರಲ್ಲಿ ಒಳಗೆ ಬಿಟ್ಟರು.

ಯಾವ ಯಾವ ಕಾಯಿಲೆಗಳು ಪಟ್ಟಿಯಲ್ಲಿವೆ?

ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವವು ಟೈಪ್ 2 ಸಕ್ಕರೆ ಕಾಯಿಲೆ (2001ರಿಂದ), ಹೃದಯಕ್ಕೆ ರಕ್ತ ಸರಿಯಾಗಿ ಹರಿಯದ ಇಸ್ಕೀಮಿಕ್ ಹೃದ್ರೋಗ ಮತ್ತು ಪಾರ್ಕಿನ್ಸನ್ (ಎರಡೂ 2010ರಿಂದ), ಪ್ರೋಸ್ಟೇಟ್ ಕ್ಯಾನ್ಸರ್, ಶ್ವಾಸಕೋಶ, ಧ್ವನಿಪೆಟ್ಟಿಗೆ, ಶ್ವಾಸನಾಳದ ಕ್ಯಾನ್ಸರುಗಳು. ರಕ್ತ ಮತ್ತು ದುಗ್ಧಗ್ರಂಥಿಯ ಗುಂಪಿನಲ್ಲಿ ಹಾಜ್‌ಕಿನ್ ಕಾಯಿಲೆ, ನಾನ್-ಹಾಜ್‌ಕಿನ್ ಲಿಂಫೋಮಾ, ಬಿ-ಕೋಶದ ದೀರ್ಘಕಾಲದ ಲ್ಯುಕೇಮಿಯಾ, ಮಲ್ಟಿಪಲ್ ಮೈಲೋಮಾ, ಎಎಲ್ ಅಮೈಲಾಯ್ಡೋಸಿಸ್. ಮೃದು ಅಂಗಾಂಶದ ಕೆಲವು ಸಾರ್ಕೋಮಾಗಳೂ ಇವೆ. 2021ರಲ್ಲಿ ಮೂತ್ರಕೋಶದ ಕ್ಯಾನ್ಸರ್, ಥೈರಾಯ್ಡ್ ಕಡಿಮೆಯಾಗುವುದು, ಪಾರ್ಕಿನ್ಸನ್ ತರಹದ ನಡುಕದ ಕಾಯಿಲೆಗಳು ಸೇರಿದವು. 2022ರಲ್ಲಿ ರಕ್ತದೊತ್ತಡ ಮತ್ತು ಎಂಜಿಯುಎಸ್ ಎಂಬ ರಕ್ತದ ತೊಂದರೆ.

ಇವು ಯಾವಾಗ ಬಂದರೂ ಸರಿ, ಕಾಲಮಿತಿ ಇಲ್ಲ. ಕ್ಲೋರಾಕ್ನೆ, ಪಾರ್ಫೈರಿಯಾ ಎಂಬ ಇನ್ನೊಂದು ಚರ್ಮದ ಕಾಯಿಲೆ ಮತ್ತು ಬೇಗ ಶುರುವಾಗುವ ಕೈಕಾಲಿನ ನರಗಳ ತೊಂದರೆ, ಈ ಮೂರು ಮಾತ್ರ ರಾಸಾಯನಿಕ ತಗುಲಿದ ಒಂದು ವರ್ಷದೊಳಗೆ ಕಾಣಿಸಿಕೊಂಡಿರಬೇಕು.

ಬೀಪಿ, ಶುಗರ್ ಯಾರಿಗೆ ಬರುವುದಿಲ್ಲ? ಅದಕ್ಕೂ ಪರಿಹಾರವೇ?

ಪ್ರಶ್ನೆ ನ್ಯಾಯವೇ. ವಿಯೆಟ್ನಾಂ ಕಾಣದ ಎಪ್ಪತ್ತೈದರ ಮುದುಕರಿಗೂ ಬರುತ್ತದೆ. ಯಾರ ಬೀಪಿ ಡಯಾಕ್ಸಿನ್ನಿನಿಂದ, ಯಾರದು ಉಪ್ಪಿನಕಾಯಿಯಿಂದ ಎಂದು ಒಬ್ಬೊಬ್ಬರನ್ನೇ ಬೇರ್ಪಡಿಸುವ ಪರೀಕ್ಷೆ ಇಲ್ಲ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ನೋಡುವುದು ಗುಂಪನ್ನು: ತಗುಲಿದವರಲ್ಲಿ ಹೆಚ್ಚು ಕಾಣುತ್ತದೆಯೇ ಎಂದು. ರಕ್ತದೊತ್ತಡದ ನಂಟಿಗೆ ಸಾಕಷ್ಟು ಆಧಾರವಿದೆ ಎಂದು ಆ ಸಮಿತಿ ಹೇಳಿದ್ದು 2018ರಲ್ಲಿ, ಕಾನೂನು ಒಪ್ಪಿದ್ದು 2022ರಲ್ಲಿ. ನಡುವಿನ ನಾಲ್ಕು ವರ್ಷ ವಿಜ್ಞಾನದ್ದಲ್ಲ, ಖಜಾನೆಯದು ಎಂದು ನನ್ನ ಅಭಿಪ್ರಾಯ. ಹಾಗಾಗಿ 'ನನಗೆ ಬಂದದ್ದು ಇದರಿಂದ ಅಲ್ಲವೇನೋ' ಎಂದು ಅರ್ಜಿ ಹಾಕದೆ ಕೂರುವ ಸಂಕೋಚ ಬೇಡ.

ಕಾಯಿಲೆ ಪಟ್ಟಿಯಲ್ಲಿ ಇಲ್ಲದಿದ್ದರೆ?

ಬಾಗಿಲು ಮುಚ್ಚಿಲ್ಲ, ದಾರಿ ಕಷ್ಟ. ಆಗ ಮೂರನೆಯ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕು. ಕಡತ ಓದಿದ ತಜ್ಞ ವೈದ್ಯರು, ಈ ಕಾಯಿಲೆ ಆ ರಾಸಾಯನಿಕದಿಂದ ಬಂದಿರುವ ಸಂಭವ ಕಡೇಪಕ್ಷ ಅರ್ಧಕ್ಕರ್ಧ ಇದೆ ಎಂದು ಕಾರಣ ಸಮೇತ ಬರೆದುಕೊಡಬೇಕು. ಪೂರ್ತಿ ಖಚಿತತೆ ಬೇಕಿಲ್ಲ. ಎರಡೂ ಕಡೆಯ ಸಾಕ್ಷ್ಯ ಸಮತೂಕವಾಗಿದ್ದರೆ ಅನುಮಾನದ ಲಾಭ ಸೈನಿಕನಿಗೇ ಎಂದು ಕಾನೂನಿನಲ್ಲಿದೆ. 'ಇರಬಹುದು' ಎಂದಷ್ಟೇ ಬರೆದ ಎರಡು ಸಾಲಿನ ಚೀಟಿಗೆ ಬೆಲೆ ಇಲ್ಲ.

ಪಟ್ಟಿಯ ಕಾಯಿಲೆಯಿಂದ ಹುಟ್ಟಿದ ಇನ್ನೊಂದು ಕಾಯಿಲೆಯನ್ನೂ ಮರೆಯಬೇಡಿ. ಸಕ್ಕರೆಯಿಂದ ಕಾಲಿನ ಜೋಮು, ಕಿಡ್ನಿ ತೊಂದರೆ, ಕಣ್ಣಿನ ತೊಂದರೆ ಬಂದಿದ್ದರೆ ಒಂದೊಂದನ್ನೂ ಬೇರೆಯಾಗಿ ಬರೆಯಬೇಕು. ಎರಡು ಕಾಲಿನ ಜೋಮು ಎಂದರೆ ಅವರ ಲೆಕ್ಕದಲ್ಲಿ ಎರಡು.

ಮಾವನವರು ವಿಎ ಆಸ್ಪತ್ರೆಯಲ್ಲಿ ಏಜೆಂಟ್ ಆರೆಂಜ್ ತಪಾಸಣೆ ಮಾಡಿಸಿದ್ದಾರೆ. ಅಷ್ಟು ಸಾಕಲ್ಲ?

ಸಾಲದು. ಅದು ರಿಜಿಸ್ಟ್ರಿ ತಪಾಸಣೆ. ಉಚಿತ, ಒಳ್ಳೆಯದೂ ಹೌದು, ಆದರೆ ಅರ್ಜಿಯಲ್ಲ. ಹತ್ತಾರು ವರ್ಷದ ಹಿಂದೆ ಅದನ್ನು ಮಾಡಿಸಿ, ಹೆಸರು ಬರೆಸಿಯಾಗಿದೆ, ಇನ್ನು ಅವರೇ ಕರೆಯುತ್ತಾರೆ ಎಂದು ಕಾದು ಕೂತವರಿದ್ದಾರೆ. ಯಾರೂ ಕರೆಯುವುದಿಲ್ಲ. ಹಾಗೆಯೇ ರಕ್ತದಲ್ಲಿ ಡಯಾಕ್ಸಿನ್ ಅಳೆಸುವ ಖರ್ಚೂ ಬೇಡ. ಪರಿಹಾರಕ್ಕೆ ಅದನ್ನು ಯಾರೂ ಕೇಳುವುದಿಲ್ಲ.

ಅರ್ಜಿಯನ್ನು ಎಲ್ಲಿಂದ ಶುರುಮಾಡಬೇಕು?

ಮೊದಲ ದಿನವೇ 'ಅರ್ಜಿ ಹಾಕುವ ಇರಾದೆ' ಎಂಬ ಪುಟ್ಟ ನಮೂನೆ ಸಲ್ಲಿಸಿಬಿಡಿ (21-0966, ಫೋನಿನಲ್ಲೂ ಆಗುತ್ತದೆ). ಅದು ತಾರೀಖನ್ನು ಹಿಡಿದಿಡುತ್ತದೆ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಹಾಕಿ ಗೆದ್ದರೆ ಹಣವನ್ನು ಆ ತಾರೀಖಿನಿಂದ ಲೆಕ್ಕ ಹಾಕುತ್ತಾರೆ. ದಾಖಲೆಯೆಲ್ಲ ಕೂಡಿಸಿಕೊಂಡು ಆಮೇಲೆ ಹಾಕೋಣ ಎಂದು ಎಂಟು ತಿಂಗಳು ಕಾದರೆ ಎಂಟು ತಿಂಗಳ ಹಣ ಹೋಯಿತು.

ಮುಖ್ಯ ಅರ್ಜಿ ನಮೂನೆ 21-526ಇಝಡ್. ಜೊತೆಗೆ ಸೇವಾ ಬಿಡುಗಡೆ ಪತ್ರವಾದ ಡಿಡಿ-214. ಸಾಮಾನ್ಯವಾಗಿ ಮನೆಯ ಹಳೆಯ ಟ್ರಂಕಿನಲ್ಲಿ ಮದುವೆ ಸರ್ಟಿಫಿಕೇಟಿನ ಜೊತೆ ಇರುತ್ತದೆ. ಅದರಲ್ಲಿ ವಿದೇಶ ಸೇವೆಯ ಸಾಲು, ಪದಕಗಳ ಸಾಲು ನೋಡಿ. ವಿಯೆಟ್ನಾಂ ಸರ್ವಿಸ್ ಮೆಡಲ್ ಒಂದೇ ಇದ್ದರೆ ನೆಲದ ಮೇಲಿದ್ದರೆಂಬುದಕ್ಕೆ ಅದು ಪೂರ್ತಿ ಸಾಕ್ಷಿಯಲ್ಲ, ಸುತ್ತಲಿನ ಕಡಲಲ್ಲಿ, ಥಾಯ್ಲೆಂಡಿನಲ್ಲಿ ಇದ್ದವರಿಗೂ ಅದನ್ನು ಕೊಟ್ಟಿದ್ದಾರೆ. ಆಗ ವರ್ಗಾವಣೆ ಆದೇಶ, ಅಲ್ಲಿಂದ ಬರೆದ ಪತ್ರದ ಲಕೋಟೆ, ಜೊತೆಗಿದ್ದವರ ಹೇಳಿಕೆ ಕೆಲಸಕ್ಕೆ ಬರುತ್ತವೆ. ಕಾಯಿಲೆಗೆ ವೈದ್ಯರ ದಾಖಲೆ: ಯಾವಾಗ ಗೊತ್ತಾಯಿತು, ಏನು ಔಷಧಿ, ಈಗ ಹೇಗಿದೆ.

ದಾಖಲೆಗಳೆಲ್ಲ ಬೆಂಕಿಯಲ್ಲಿ ಸುಟ್ಟುಹೋಗಿವೆ ಎನ್ನುತ್ತಾರಲ್ಲ?

1973ರ ಜುಲೈ 12ರಂದು ಸೇಂಟ್ ಲೂಯಿಸಿನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದದ್ದು ನಿಜ, ಸುಮಾರು 1.6ರಿಂದ 1.8 ಕೋಟಿ ಕಡತ ಹೋದವು. ಆದರೆ ಸುಟ್ಟದ್ದು ಬಹುಪಾಲು 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರದು ಮತ್ತು 1947ರಿಂದ 1964ರೊಳಗೆ ಬಿಡುಗಡೆಯಾದ ಕೆಲವು ವಾಯುಪಡೆಯವರದು. ವಿಯೆಟ್ನಾಮಿಗೆ ಹೋದ ಬಹುತೇಕರ ಕಡತ ಈಗಲೂ ಇದೆ. ಕೇಳಿ ತರಿಸಿಕೊಳ್ಳಿ.

ವಿಎ ಕಡೆಯಿಂದ ಒಂದು ವೈದ್ಯಕೀಯ ಪರೀಕ್ಷೆಗೆ ಕರೆದಿದ್ದಾರೆ. ಅಲ್ಲಿ ಏನಾಗುತ್ತದೆ?

ಚಿಕಿತ್ಸೆ ಅಲ್ಲ, ಅಳತೆ. ಅನೇಕ ಸಲ ಗುತ್ತಿಗೆಯ ವೈದ್ಯರು ನೋಡುತ್ತಾರೆ. ಅವರ ಮುಂದೆ ಪ್ರಶ್ನೆಗಳ ನಮೂನೆ ಇರುತ್ತದೆ, ಒಂದೊಂದೇ ಚೌಕಕ್ಕೆ ಗುರುತು ಹಾಕುತ್ತಾ ಹೋಗುತ್ತಾರೆ. ತಪ್ಪಿಸಿಕೊಂಡರೆ ಅರ್ಜಿ ಬೀಳುವುದು ಬಹುತೇಕ ಖಚಿತ.

ಕೆಡುವುದು ಎಲ್ಲಿ ಎಂದರೆ, ಮುದುಕರು ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಾರೆ. 'ಹೇಗಿದ್ದೀರಿ' ಎಂದರೆ 'ಚೆನ್ನಾಗಿದ್ದೇನೆ'. ಸೈನ್ಯದಲ್ಲಿ ಕಲಿತದ್ದು ಅದನ್ನೇ. ಆ ಅಂಗಿಯ ಗುಂಡಿ ಹಾಕಿದ್ದು ಹೆಂಡತಿ ಎಂದು ಅವರು ಹೇಳುವುದಿಲ್ಲ. ಕಾಫಿ ಲೋಟ ಅರ್ಧಕ್ಕಿಂತ ಹೆಚ್ಚು ತುಂಬಿದರೆ ತುಳುಕುತ್ತದೆ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾಗಲು ಇನ್ನೊಬ್ಬರು ಬೇಕು, ಎರಡು ಮೆಟ್ಟಿಲಿಗೆ ಉಬ್ಬಸ ಬರುತ್ತದೆ ಎಂಬುದೊಂದೂ ನಮೂನೆಗೆ ಇಳಿಯುವುದಿಲ್ಲ. ಬರೆಯದ್ದಕ್ಕೆ ರೇಟಿಂಗ್, ಅಂದರೆ ಅಂಗವೈಕಲ್ಯದ ಶೇಕಡಾ ಅಳತೆ, ಇಲ್ಲ. ಹಿಂದಿನ ದಿನ ಮನೆಯವರು ಜೊತೆ ಕೂತು, ಕೆಟ್ಟ ದಿನ ಹೇಗಿರುತ್ತದೆ, ತಿಂಗಳಲ್ಲಿ ಅಂಥ ದಿನ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಹೆಚ್ಚು ಮಾಡಿ ಹೇಳುವುದು ಬೇಡ, ಇರುವುದನ್ನು ಮುಚ್ಚಿಡುವುದೂ ಬೇಡ. ಹೆಂಡತಿಯ ಲಿಖಿತ ಹೇಳಿಕೆಯೂ ಸಾಕ್ಷ್ಯವೇ, ಅರ್ಜಿಯ ಜೊತೆ ಸೇರಿಸಬಹುದು.

ಎಷ್ಟು ಹಣ ಬರುತ್ತದೆ?

ರೇಟಿಂಗ್ 0ರಿಂದ 100ರವರೆಗೆ ಹತ್ತರ ಲೆಕ್ಕದಲ್ಲಿ. 2025ರ ದರದಂತೆ ಒಂಟಿಯಾಗಿರುವವರಿಗೆ ಶೇ. 10ಕ್ಕೆ ತಿಂಗಳಿಗೆ 175.51 ಡಾಲರ್, ಶೇ. 100ಕ್ಕೆ 3,831.30 ಡಾಲರ್. ಶೇ. 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಂಡತಿ, ಮಕ್ಕಳ ಹೆಸರಿನಲ್ಲಿ ಇನ್ನಷ್ಟು ಸೇರುತ್ತದೆ. ತೆರಿಗೆ ಇಲ್ಲ. ಮಾತ್ರೆ ಮತ್ತು ಪಥ್ಯದಲ್ಲಿರುವ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಶೇ. 20. ಪ್ರೋಸ್ಟೇಟ್ ಕ್ಯಾನ್ಸರ್ ಇರುವಷ್ಟು ದಿನ, ಚಿಕಿತ್ಸೆ ಮುಗಿದು ಆರು ತಿಂಗಳವರೆಗೆ ಶೇ. 100. ಆಮೇಲೆ ಉಳಿದ ತೊಂದರೆ ನೋಡಿ ಇಳಿಸುತ್ತಾರೆ. ಇಳಿಸಿದಾಗ ಗಾಬರಿ ಬೇಡ, ಆದರೆ ಮೂತ್ರದ ತೊಂದರೆಯಂಥವನ್ನು ಮರೆಯದೆ ಹೇಳಿ.

ಎರಡು ಕಾಯಿಲೆ ಇದ್ದರೆ ಶೇಕಡಾ ಕೂಡಿಸುವುದಿಲ್ಲ. 50 ಮತ್ತು 30 ಇದ್ದರೆ 80 ಆಗುವುದಿಲ್ಲ. ಮೊದಲು 50 ಕಳೆದು ಉಳಿದ 50ರಲ್ಲಿ ಶೇ. 30, ಅಂದರೆ 15, ಒಟ್ಟು 65, ಹತ್ತಕ್ಕೆ ಸರಿಹೊಂದಿಸಿ 70. ಈ ಗಣಿತ ಯಾರಿಗೂ ಇಷ್ಟವಾಗುವುದಿಲ್ಲ. ಕಾಯಿಲೆಯಿಂದ ಕೆಲಸವೇ ಮಾಡಲಾಗದಿದ್ದರೆ, ಶೇಕಡಾ ಕಡಿಮೆ ಇದ್ದರೂ ಶೇ. 100ರ ಹಣ ಕೊಡುವ ಬೇರೆ ದಾರಿಯಿದೆ. ಒಂದೇ ಕಾಯಿಲೆಗೆ 60 ಇರಬೇಕು, ಅಥವಾ ಒಂದಕ್ಕೆ 40 ಇದ್ದು ಒಟ್ಟು 70 ಆಗಬೇಕು.

ಒಬ್ಬ 'ಕನ್ಸಲ್ಟೆಂಟ್' ಫೋನ್ ಮಾಡಿ ಕೊಡಿಸುತ್ತೇನೆ ಎನ್ನುತ್ತಾನೆ. ಹಣ ಕೊಡಬಹುದೇ?

ಫೋನ್ ಇಡಿ. ಮೊದಲ ಅರ್ಜಿ ಹಾಕಿಕೊಡಲು ಯಾರೂ ಶುಲ್ಕ ಕೇಳುವಂತಿಲ್ಲ, ಅದು ಕಾನೂನು. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯೂ, ವಿಯೆಟ್ನಾಂ ವೆಟರನ್ಸ್ ಆಫ್ ಅಮೆರಿಕ ಮುಂತಾದ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆಯಾಗಿ ಮಾಡಿಕೊಡುತ್ತಾರೆ. ಅನೇಕ ಕೌಂಟಿಗಳಲ್ಲೂ, ಅಂದರೆ ಅಲ್ಲಿಯ ಜಿಲ್ಲೆಗಳಲ್ಲೂ, ಇದಕ್ಕೆಂದೇ ಅಧಿಕಾರಿ ಇರುತ್ತಾರೆ. ಮೊದಲ ತೀರ್ಪು ಬಂದ ಮೇಲೆ ಮೇಲ್ಮನವಿಗೆ ವಕೀಲರನ್ನು ಹಿಡಿದರೆ ಬಾಕಿ ಹಣದ ಶೇ. 20 ಸಾಮಾನ್ಯ ಶುಲ್ಕ.

ಅರ್ಜಿ ತಿರಸ್ಕೃತವಾಯಿತು. ಮುಂದೇನು?

ತೀರ್ಪಿನ ಪತ್ರದಲ್ಲಿ ಕಾರಣದ ಪ್ಯಾರಾ ಇರುತ್ತದೆ, ಮೊದಲು ಅದನ್ನು ಓದಿ. ಹೊಸ ದಾಖಲೆ ಸಿಕ್ಕರೆ ಪೂರಕ ಅರ್ಜಿ. ಇರುವ ದಾಖಲೆಯನ್ನೇ ತಪ್ಪಾಗಿ ಓದಿದ್ದಾರೆ ಎನಿಸಿದರೆ ಹಿರಿಯ ಅಧಿಕಾರಿಯ ಮರುಪರಿಶೀಲನೆ. ಇಲ್ಲವೇ ಮೇಲ್ಮನವಿ ಮಂಡಳಿ. ಒಂದು ವರ್ಷದೊಳಗೆ ಹೋದರೆ ಮೂಲ ತಾರೀಖು ಉಳಿಯುತ್ತದೆ.

ಇಪ್ಪತ್ತು ವರ್ಷದ ಹಿಂದೆ ಸೋತ ಅರ್ಜಿಯೂ ಸತ್ತಿಲ್ಲ. ಅಂದು ಪಟ್ಟಿಯಲ್ಲಿ ಇಲ್ಲದ ಕಾಯಿಲೆ ಇಂದು ಇರಬಹುದು, ಅಂದು ಹೊರಗಿದ್ದ ಹಡಗು ಇಂದು ಒಳಗಿರಬಹುದು. ಹಳೆಯ ತಿರಸ್ಕಾರ ಪತ್ರ ಬಿಸಾಡಬೇಡಿ. ನೇಮರ್ ಪ್ರಕರಣದ ವ್ಯಾಪ್ತಿಗೆ ಬಂದರೆ ಬಾಕಿ ಲೆಕ್ಕ ಅದರ ತಾರೀಖಿನಿಂದ.

ಮಾವ ತೀರಿಕೊಂಡರು. ಅತ್ತೆಗೆ ಏನಾದರೂ ಬರುತ್ತದೆಯೇ?

ಬರಬಹುದು. ಪಟ್ಟಿಯ ಕಾಯಿಲೆಯಿಂದ ಸತ್ತಿದ್ದರೆ, ಅವರು ಬದುಕಿದ್ದಾಗ ಒಂದೂ ಅರ್ಜಿ ಹಾಕಿರದಿದ್ದರೂ, ಹೆಂಡತಿ ಡಿಐಸಿ ಎಂಬ ಮಾಸಾಶನಕ್ಕೆ ಅರ್ಜಿ ಹಾಕಬಹುದು (ನಮೂನೆ 21ಪಿ-534ಇಝಡ್, 2025ರಲ್ಲಿ ತಿಂಗಳಿಗೆ 1,653.07 ಡಾಲರ್). ಸಾಯುವ ಮೊದಲಿನ ಹತ್ತು ವರ್ಷ ಶೇ. 100ರ ರೇಟಿಂಗ್ ಇದ್ದಿದ್ದರೆ ಯಾವ ಕಾಯಿಲೆಯಿಂದ ಸತ್ತರೂ ಸಿಗುತ್ತದೆ.

ಮರಣ ಪ್ರಮಾಣಪತ್ರವನ್ನು ಗಮನವಿಟ್ಟು ನೋಡಿ. ಅವಸರದಲ್ಲಿ 'ಹೃದಯ ನಿಂತಿತು', 'ನ್ಯುಮೋನಿಯಾ' ಎಂದಷ್ಟೇ ಬರೆದಿರುತ್ತಾರೆ. ಅದರ ಹಿಂದೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ ಅಥವಾ ಪಾರ್ಕಿನ್ಸನ್ ಇತ್ತೆಂದು ಮೂಲ ಕಾರಣದ ಸಾಲಿನಲ್ಲೋ ಪೂರಕ ಕಾರಣದ ಸಾಲಿನಲ್ಲೋ ಇರಬೇಕು. ಇಲ್ಲದಿದ್ದರೆ ನೋಡುತ್ತಿದ್ದ ವೈದ್ಯರನ್ನು ಕೇಳಿ ತಿದ್ದುಪಡಿ ಮಾಡಿಸಬಹುದು, ಅಥವಾ ಅವರಿಂದ ಪತ್ರ ಪಡೆಯಬಹುದು. ಅರ್ಜಿ ಇತ್ಯರ್ಥವಾಗುವ ಮೊದಲೇ ಅವರು ತೀರಿಕೊಂಡಿದ್ದರೆ, ಒಂದು ವರ್ಷದೊಳಗೆ ಹೆಂಡತಿ ಆ ಅರ್ಜಿಯಲ್ಲಿ ಅವರ ಜಾಗಕ್ಕೆ ನಿಲ್ಲಬಹುದು.

ಮಕ್ಕಳಿಗೆ?

ವಿಯೆಟ್ನಾಂ, ಥಾಯ್ಲೆಂಡ್ ಅಥವಾ ಕೊರಿಯಾ ಗಡಿಯಲ್ಲಿದ್ದ ಸೈನಿಕರ ಮಕ್ಕಳಿಗೆ ಸ್ಪೈನಾ ಬೈಫಿಡಾ, ಅಂದರೆ ಹುಟ್ಟಿನಿಂದಲೇ ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದ ತೊಂದರೆ ಇದ್ದರೆ, ಮಾಸಾಶನ ಮತ್ತು ಚಿಕಿತ್ಸೆ ಇದೆ. ವಿಯೆಟ್ನಾಮಿನಲ್ಲಿ ಸೇವೆ ಮಾಡಿದ ಮಹಿಳೆಯರ ಮಕ್ಕಳಿಗೆ ಇನ್ನೂ ಹಲವು ಜನ್ಮಜಾತ ತೊಂದರೆಗಳು ಸೇರುತ್ತವೆ. ತಂದೆಯ ಕಡೆಯಿಂದ ಇಷ್ಟೇ.

ಬೇರೆ ದೇಶದ ಸೈನಿಕರಿಗೆ, ವಿಯೆಟ್ನಾಮಿನ ಜನರಿಗೆ?

ಅಮೆರಿಕದ ಜೊತೆ ಹೋರಾಡಿದ ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ತಮ್ಮ ತಮ್ಮ ಸರ್ಕಾರವನ್ನೇ ಕೇಳಬೇಕು. ಕೊರಿಯಾದ ಯೋಧರು ಕಂಪನಿಗಳ ಮೇಲೆ ತಮ್ಮ ದೇಶದಲ್ಲೇ ದಾವೆ ಹೂಡಿದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಾವಿರಾರು ಜನರ ಪೈಕಿ ಕ್ಲೋರಾಕ್ನೆ ಇದ್ದ 39 ಮಂದಿಯ ವಾದವನ್ನಷ್ಟೇ ಒಪ್ಪಿತು.

ವಿಯೆಟ್ನಾಮಿನ ಜನರಿಗೆ ಈ ಯಾವ ಭಾವಿಸುವಿಕೆಯೂ ಅನ್ವಯಿಸುವುದಿಲ್ಲ. ಅವರ ಸಂತ್ರಸ್ತರ ಸಂಘ 2004ರಲ್ಲಿ ನ್ಯೂಯಾರ್ಕಿನಲ್ಲಿ ಹೂಡಿದ ದಾವೆಯನ್ನು ಮರುವರ್ಷ ನ್ಯಾಯಾಲಯ ವಜಾ ಮಾಡಿತು. ವಜಾ ಮಾಡಿದವರು 1984ರ ರಾಜಿಯನ್ನು ನಡೆಸಿಕೊಟ್ಟ ಅದೇ ನ್ಯಾಯಾಧೀಶ ಜಾಕ್ ವೈನ್‌ಸ್ಟೀನ್. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಮೆರಿಕದ ಹಣದಿಂದ ಡಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು ಶುದ್ಧ ಮಾಡುವ ಕೆಲಸ 2018ರಲ್ಲಿ ಮುಗಿಯಿತು, ಬಿಯೆನ್ ಹೋವಾದ್ದು 2019ರಲ್ಲಿ ಶುರುವಾಯಿತು. ಮಣ್ಣಿಗೆ ಸಿಕ್ಕ ಒಪ್ಪಿಗೆ ಮನುಷ್ಯರಿಗೆ ಇನ್ನೂ ಸಿಕ್ಕಿಲ್ಲ. ಒಂದು ದಿನ ನೆಲ ಮುಟ್ಟಿದ ಸೈನಿಕನಿಗೆ ಹಕ್ಕಿದೆ, ಆ ನೆಲದಲ್ಲೇ ಹುಟ್ಟಿ ಬೆಳೆದವರಿಗೆ ಇಲ್ಲ.

ನಮ್ಮ ತಂದೆ ಭಾರತೀಯ ಸೇನೆಯಲ್ಲಿದ್ದರು. ಇಲ್ಲೂ ಇಂಥದ್ದು ಇದೆಯೇ?

ಏಜೆಂಟ್ ಆರೆಂಜಿನ ಪಟ್ಟಿ ಇಲ್ಲ. ಆದರೆ ಹೋಲುವ ತತ್ವ ಇದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಸೇನೆಗೆ ಸೇರುವಾಗ ನಮೂದಾಗದ ಕಾಯಿಲೆ ಮುಂದೆ ಕಾಣಿಸಿಕೊಂಡರೆ ಅದು ಸೇವೆಯಿಂದ ಬಂತೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದಿತು. ಆ ತೀರ್ಪು ಅಂದಿನ ನಿಯಮಗಳ ಮೇಲೆ ನಿಂತದ್ದು, 2023ರಲ್ಲಿ ನಿಯಮಗಳು ಬದಲಾಗಿವೆ. ನಿವೃತ್ತಿಯ ತಾರೀಖು ನೋಡಿಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಕೊಲ್ಲಿ ಯುದ್ಧ, ಇರಾಕ್, ಅಫ್ಘಾನಿಸ್ತಾನಕ್ಕೆ ಹೋದವರಿಗೆ ಇದೇ ನಿಯಮವೇ?

ಪಟ್ಟಿ ಬೇರೆ, ತತ್ವ ಒಂದೇ. ಕಸ, ಪ್ಲಾಸ್ಟಿಕ್, ಇಂಧನ ಎಲ್ಲವನ್ನೂ ಬಯಲಲ್ಲಿ ಸುಟ್ಟ ಹೊಗೆಗೆ ಸಿಕ್ಕವರಿಗಾಗಿ ಪ್ಯಾಕ್ಟ್ ಕಾಯಿದೆ ಹಲವು ಕ್ಯಾನ್ಸರು ಮತ್ತು ಉಸಿರಾಟದ ಕಾಯಿಲೆಗಳನ್ನು ಸೇರಿಸಿದೆ. ಆ ಪಟ್ಟಿಯನ್ನು ಬೇರೆಯಾಗಿಯೇ ನೋಡಬೇಕು, ಇಲ್ಲಿಯದನ್ನು ಅಲ್ಲಿಗೆ ಹಚ್ಚಬೇಡಿ.

ಪರಿಹಾರ ಪಡೆಯುತ್ತಿರುವ ಬೀಗರು ಮಗಳ ಜೊತೆ ಮೈಸೂರಿಗೆ ಬಂದು ಇದ್ದರೆ ಹಣ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಮಾಸಾಶನ ಎಲ್ಲಿದ್ದರೂ ಬರುತ್ತದೆ. ಚಿಕಿತ್ಸೆಗೆ ಇಲ್ಲಿ ವಿಎ ಆಸ್ಪತ್ರೆ ಇಲ್ಲ. ಸೇವೆಗೆ ಸಂಬಂಧಿಸಿದ ಕಾಯಿಲೆಯ ಮಟ್ಟಿಗೆ ವಿದೇಶಿ ವೈದ್ಯಕೀಯ ಯೋಜನೆಯಲ್ಲಿ ಮೊದಲೇ ಹೆಸರು ನೋಂದಾಯಿಸಿಕೊಂಡು, ಇಲ್ಲಿನ ಆಸ್ಪತ್ರೆಯ ಬಿಲ್ಲನ್ನು ರೋಗದ ಹೆಸರು, ಚಿಕಿತ್ಸೆಯ ವಿವರ ಸಮೇತ ಕಳಿಸಿದರೆ ಹಣ ವಾಪಸು ಕೊಡುತ್ತಾರೆ. ಮೆಡಿಕಲ್ ಶಾಪಿನವರು ಬಿಳಿ ಚೀಟಿಯಲ್ಲಿ ಬರೆದುಕೊಡುವ ಮೊತ್ತ ನಡೆಯುವುದಿಲ್ಲ, ಮುದ್ರಿತ ಬಿಲ್ಲನ್ನೇ ಕೇಳಿ ಪಡೆಯಿರಿ.